ಕ್ಷಾಮವೂ ಕಾಯಿದೆಯೂ

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ಸರಕಾರಗಳ ನಡವಳಿಗೆ ಚೆನ್ನಾಗಿ ಒಪ್ಪುವುದು. 1876-78ರ ಧಾತು ಈಶ್ವರ ಕ್ಷಾಮವನ್ನೇ ನೋಡಿರಿ. 1871ರಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ದಕ್ಷಿಣದೇಶವು ಹೀಗೆ ಹಾಳುಬಿದ್ದ ಮೇಲಷ್ಟೇ ಆಂಗ್ಲ ಸರಕಾರವು ವಿಚಾರಣಾ ಮಂಡಲಿಯೊಂದನ್ನು ನೇಮಿಸಿತು. ಅದರ ವರದಿಯು 1880ರಲ್ಲಿಯೂ, ಕ್ಷಾಮ ಸಂಹಿತೆಯು 1883ರಲ್ಲಿಯೂ ಹೊರಬಿದ್ದುವು. ಬರದ ಲಕ್ಷಣಗಳನ್ನು ಮೊದಲೇ ಗುರುತಿಸುವುದು, ಕಾಮಗಾರಿಗಳನ್ನು ತೆರೆದು ಕೂಲಿ ಕೊಡುವುದು, ಅಶಕ್ತರಿಗೆ ಅನ್ನವಿಕ್ಕುವುದು ಇವು ಅಧಿಕಾರಿಗಳ ಕರ್ತವ್ಯಗಳಾದುವು.

ಆದರೆ ಕಾಯಿದೆಯಿದ್ದ ಮಾತ್ರಕ್ಕೆ ಕಾರ್ಯವಾಗುವುದೇ? 1943ರಲ್ಲಿ ವಂಗದೇಶದ ಜನರು ಲಕ್ಷೋಪಲಕ್ಷವಾಗಿ ಸಾಯುತ್ತಿದ್ದಾಗಲೂ ಸರಕಾರವು ಕ್ಷಾಮವನ್ನು ಘೋಷಿಸಲಿಲ್ಲ. ಸಂಹಿತೆಯು ಕಪಾಟಿನಲ್ಲಿಯೇ ಉಳಿಯಿತು. ಆಗಸ್ಟಿನಲ್ಲಿ ಕಲಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯು ಬೀದಿಯಲ್ಲಿ ಬಿದ್ದವರ ಛಾಯಾಚಿತ್ರಗಳನ್ನು ಅಚ್ಚುಹಾಕಲಾಗಿ ಸಂಗತಿಯು ಲೋಕಕ್ಕೆ ತಿಳಿಯಿತು. ಅಕ್ಟೋಬರಿನಲ್ಲಿ ಹೊಸ ವೈಸರಾಯರಾದ ವೇವೆಲ್ಲರು ಬಂದು ಪರಿಹಾರಕ್ಕೆ ಸೈನ್ಯವನ್ನು ನಿಯೋಜಿಸಿದರು. ಅಷ್ಟರೊಳಗೆ ಎಷ್ಟು ಮನೆಗಳ ದೀಪ ಆರಿತ್ತು!

ವಿಪತ್ತು ಶಾಸನವನ್ನು ಹುಟ್ಟಿಸಬಲ್ಲದು. ಅದನ್ನು ನಡೆಯಿಸುವ ಮನಸ್ಸನ್ನು ಹುಟ್ಟಿಸಲಾರದು. ಆ ಎಚ್ಚರವು ಪ್ರಜೆಗಳದು, ಪತ್ರಿಕೆಗಳದು. ಮಳೆ ಬಿದ್ದೊಡನೆ ಬರವನ್ನು ಮರೆಯುವ ನಾವು ಅಧಿಕಾರಿಗಳನ್ನು ಮಾತ್ರ ದೂರಿ ಫಲವೇನು?