ಟೆಂಡರ್ ಕೆಲಸದಲ್ಲಿ ಮೇಲೆ ಬರಬೇಕಾ? ಜೂನ್‌ನಿಂದ ಹಿಂದಕ್ಕೆ ಎಣಿಸಿ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ವಿಷಯದ ಹೆಸರು ಸ್ವಲ್ಪ ಒಣ ಅನ್ನಿಸಬಹುದು: ಸಾರ್ವಜನಿಕ ಸಂಗ್ರಹಣೆ, ಅಂದ್ರೆ ಪಬ್ಲಿಕ್ ಪ್ರೊಕ್ಯೂರ್‌ಮೆಂಟ್. ಜನರ ದುಡ್ಡಲ್ಲಿ ಸರ್ಕಾರ ಸಾಮಾನು ಕೊಳ್ಳೋದು, ಕಾಮಗಾರಿ ಮಾಡಿಸೋದು. ಈ ಕೆಲಸದಲ್ಲಿ ಇರೋರು, ಬರಬೇಕು ಅನ್ನೋರು, ಮುಂದೆ ಹೋಗೋದು ಹೇಗೆ?

ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ಇದನ್ನ ಒಂದು ಕಾಲುಸಂಕದಿಂದ ಶುರು ಮಾಡಿದ್ರೆ ಬೇಗ ಅರ್ಥ ಆಗುತ್ತೆ. ಹಳ್ಳದ ಆಚೆ ನಾಲ್ಕು ಮನೆ, ಈಚೆ ಶಾಲೆ ಅಂತ ಇಟ್ಟುಕೊಳ್ಳಿ. ಸಂಕಕ್ಕೆ ಹಣ ಮಂಜೂರಾಗಿದೆ. ಆದ್ರೆ ಟೆಂಡರ್ ಮುಗಿದು ಗುತ್ತಿಗೆದಾರರ ಕೈಗೆ ಕಾರ್ಯಾದೇಶ ಸಿಗುವಾಗ ಮೇ ತಿಂಗಳ ಕೊನೆ. ಜೂನ್‌ನಲ್ಲಿ ಹಳ್ಳ ತುಂಬಿತು, ಕೆಲಸ ನಿಂತಿತು. ಆ ಮಕ್ಕಳಿಗೆ ಇನ್ನೊಂದು ಮಳೆಗಾಲವೂ ಅಡಿಕೆ ಮರದ ಸಂಕವೇ ಗತಿ. ಹಣ ಇತ್ತು, ಕಾನೂನಿನ ಪ್ರಕಾರವೇ ಎಲ್ಲಾ ನಡೆದಿತ್ತು. ತಪ್ಪಿದ್ದು ದಿನದ ಲೆಕ್ಕ.

ಈ ಲೆಕ್ಕ ಗೊತ್ತಿರೋ ಮನುಷ್ಯನೇ ಕಚೇರಿಗೆ ಬೇಕಾದ ಮನುಷ್ಯ. ಇವತ್ತಿನ ಮಾತಿನ ತಿರುಳು ಅಷ್ಟೇ.

ಬೋರ್ಡ್ ಇಲ್ಲ, ಕೆಲಸ ಇದೆ

ತಾಲ್ಲೂಕು ಮಟ್ಟದಲ್ಲಿ 'ಪ್ರೊಕ್ಯೂರ್‌ಮೆಂಟ್ ಆಫೀಸರ್' ಅನ್ನೋ ಬೋರ್ಡ್ ಕಾಣೋದು ಅಪರೂಪ. ಈ ಕೆಲಸ ಮಾಡೋರು ಎಸ್‌ಡಿಎ, ಎಫ್‌ಡಿಎ, ಜೂನಿಯರ್ ಎಂಜಿನಿಯರ್, ಲೆಕ್ಕ ಶಾಖೆಯವರು. 'ಟೆಂಡರ್ ಫೈಲ್ ನೀನೇ ನೋಡ್ಕೋ' ಅಂತ ಹೇಳಿದ ದಿನದಿಂದ ನೀವು ಈ ವೃತ್ತಿಯಲ್ಲಿ ಇದ್ದೀರಿ ಅಂತಲೇ ಅರ್ಥ.

ನಿಮ್ಮ ಮೂಲ ಪುಸ್ತಕ ಯಾವುದು? 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಮತ್ತು ಅದರ 2000ದ ನಿಯಮಗಳು. ಕಚೇರಿಯಲ್ಲಿ ಎಲ್ಲರೂ 'ಕೆಟಿಪಿಪಿ' ಅಂತಾರೆ. ಇದರಲ್ಲಿ ತಿದ್ದುಪಡಿ ಆಗ್ತಾ ಇರುತ್ತೆ. ಹಳೇ ಜೆರಾಕ್ಸ್ ನಂಬಿ ಕೂರಬೇಡಿ. ಮೊತ್ತದ ಮಿತಿ, ಟೆಂಡರಿಗೆ ಕೊಡಬೇಕಾದ ಕನಿಷ್ಠ ದಿನ, ಮೀಸಲಾತಿ ಇವನ್ನ ಪ್ರತಿ ಸಲ ಹೊಸ ಆದೇಶ ನೋಡಿಯೇ ಬರೆಯಿರಿ.

ಹಿಂದಕ್ಕೆ ಎಣಿಸೋದು ಹೇಗೆ?

ಮೇ 15ಕ್ಕೆ ಸಂಕ ಮುಗೀಬೇಕು ಅಂದುಕೊಳ್ಳಿ. ಕಟ್ಟೋಕೆ ಮೂರು ತಿಂಗಳು ಅಂದ್ರೆ ಫೆಬ್ರವರಿ ಮಧ್ಯದಲ್ಲಿ ಕೆಲಸ ಶುರು ಆಗಬೇಕು. ಅದಕ್ಕೆ ಮೊದಲು ಪೋರ್ಟಲ್‌ನಲ್ಲಿ ಪ್ರಕಟಣೆ, ತಾಂತ್ರಿಕ ಲಕೋಟೆ, ಆರ್ಥಿಕ ಲಕೋಟೆ, ಪರಿಶೀಲನೆ, ಒಪ್ಪಿಗೆ ಪತ್ರ, ಭದ್ರತಾ ಠೇವಣಿ, ಕರಾರು. ಯಾರೂ ಬಿಡ್ ಹಾಕದೆ ಎರಡನೇ ಸಲ ಕರೆಯಬೇಕಾಗಿ ಬಂದ್ರೆ? ಅದಕ್ಕೂ ದಿನ ಇಡಿ. ಅಂದ್ರೆ ನವೆಂಬರ್‌ಗೆ ಟೆಂಡರ್ ಹೊರಗೆ ಬಂದಿರಬೇಕು. ಅಷ್ಟರೊಳಗೆ ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಎಲ್ಲಾ ತಯಾರು.

ಹಾಗಾದ್ರೆ ಜಾಗ ನೋಡೋದು ಯಾವಾಗ? ಜುಲೈ, ಆಗಸ್ಟ್‌ನಲ್ಲೇ. ಕೊಡೆ ಹಿಡ್ಕೊಂಡು ಎಂಜಿನಿಯರ್ ಜೊತೆ ಹೋಗಿ, ನೀರು ಎಲ್ಲಿವರೆಗೆ ಏರುತ್ತೆ ಅಂತ ಫೋಟೋ ತೆಗೆದು ಫೈಲಿಗೆ ಹಾಕಿ. ಬೇಸಿಗೆಯಲ್ಲಿ ಒಣಗಿದ ಹಳ್ಳ ನೋಡಿ ಮಾಡಿದ ಅಂದಾಜು ಮಳೆಗಾಲದಲ್ಲಿ ಕೈ ಕೊಡುತ್ತೆ. ಚುನಾವಣೆ ಬಂದ್ರೆ ನೀತಿ ಸಂಹಿತೆ, ಮಾರ್ಚ್ 31ಕ್ಕೆ ಬಿಲ್ಲಿನ ಗಡಿಬಿಡಿ. ಇವೂ ಲೆಕ್ಕದಲ್ಲಿರಲಿ.

'ತುರ್ತು' ಅನ್ನೋ ಪದ

ಲೆಕ್ಕ ತಪ್ಪಿದಾಗ ಬರೋ ಮೊದಲ ಸಲಹೆ: 'ತುರ್ತು ಅಂತ ಬರೆದು ಟೆಂಡರ್ ಇಲ್ಲದೆ ಮಾಡಿಬಿಡಿ.' ಎರಡನೇದು: 'ಕಾಮಗಾರಿ ತುಂಡು ಮಾಡಿ, ಮಿತಿಯೊಳಗೆ ತನ್ನಿ.' ಎರಡೂ ಅಪಾಯ.

ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ, ನಿಜ. ಆದ್ರೆ ನೈಸರ್ಗಿಕ ವಿಕೋಪ ಅಥವಾ ತುರ್ತು ಪರಿಸ್ಥಿತಿ ಅಂತ ಸರ್ಕಾರ ಘೋಷಿಸಿರಬೇಕು. ನಾವು ಟಿಪ್ಪಣಿಯಲ್ಲಿ ಬರೆದುಕೊಂಡ್ರೆ ಸಾಲದು. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನದ ಮಳೆ 500 ಮಿಲಿಮೀಟರ್ ದಾಟಿತ್ತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡ್ರು. ಅದು ವಿಕೋಪ. ಜೂನ್‌ನಲ್ಲಿ ಮಳೆ ಶುರುವಾಗೋದು ವಿಕೋಪ ಅಲ್ಲ, ಅದು ಪ್ರತಿ ವರ್ಷ ಬರುತ್ತೆ. ಈ ವ್ಯತ್ಯಾಸವನ್ನ ಮೇಲಧಿಕಾರಿ ಮುಂದೆ ವಿನಯದಿಂದ, ಆದ್ರೆ ಲಿಖಿತವಾಗಿ ಹೇಳೋಕೆ ಬರಬೇಕು. 'ಸರ್, ನಿಯಮ ಹೀಗಿದೆ, ಆದೇಶಕ್ಕಾಗಿ ಮಂಡಿಸಿದೆ' ಅನ್ನೋ ಒಂದು ಸಾಲು ನಾಲ್ಕು ವರ್ಷದ ನಂತರ ಆಡಿಟ್ ಬಂದಾಗ ನಿಮ್ಮನ್ನ ಕಾಪಾಡುತ್ತೆ.

ಇನ್ನೊಂದು ಎಚ್ಚರ. ನಿಮ್ಮ ಡಿಜಿಟಲ್ ಸಹಿಯ ಡಾಂಗಲ್, ಅದರ ಪಿನ್, ಎರಡನ್ನೂ ಆಪರೇಟರ್ ಕೈಗೆ ಕೊಡಬೇಡಿ. ಕಾನೂನಿನ ಕಣ್ಣಲ್ಲಿ ಅದು ನಿಮ್ಮದೇ ಸಹಿ.

ಬರೆಯೋಕೆ ಕಲಿಯಿರಿ

ಟೆಂಡರ್‌ನಲ್ಲಿ ಅರ್ಹರ ಪೈಕಿ ಕಡಿಮೆ ದರದವರಿಗೆ, ಅಂದ್ರೆ ಎಲ್-1ಗೆ ಕೆಲಸ ಹೋಗೋದು ಸಾಮಾನ್ಯ. ಹಾಗಾಗಿ ಗುಣಮಟ್ಟ ನಿಂತಿರೋದು ನೀವು ಬರೆಯೋ ಸ್ಪೆಸಿಫಿಕೇಶನ್ ಮೇಲೆ. ಸಮುದ್ರದ ಉಪ್ಪು ಗಾಳಿ ಇರೋ ಊರಲ್ಲಿ 'ಕಬ್ಬಿಣದ ಕಂಬಿ' ಅಂತಷ್ಟೇ ಬರೆದ್ರೆ, ಬರೋದು ಬೇಗ ತುಕ್ಕು ಹಿಡಿಯೋ ಕಂಬಿಯೇ. ಸತುವಿನ ಲೇಪನ ಎಷ್ಟು, ಯಾವ ಐಎಸ್ ಮಾನದಂಡ, ಪರೀಕ್ಷೆ ಮಾಡಿಸೋರು ಯಾರು ಅಂತ ಬರೆಯಿರಿ. ಬ್ರ್ಯಾಂಡ್ ಹೆಸರು ಹಾಕಿ ಒಬ್ಬರಿಗೇ ಬಾಗಿಲು ತೆಗೆದ ಹಾಗೆ ಮಾಡಬೇಡಿ. ಬಿಡ್ ತಿರಸ್ಕರಿಸಿದ್ರೆ ಕಾರಣ ಸ್ಪಷ್ಟವಾಗಿರಲಿ. ಟೆಂಡರ್ ಒಪ್ಪಿದ ಆದೇಶದಿಂದ ನೊಂದವರು 16ನೇ ಸೆಕ್ಷನ್ ಪ್ರಕಾರ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆಗ ಮಾತಾಡೋದು ನಿಮ್ಮ ಫೈಲ್ ಮಾತ್ರ.

ಓದು ಎಲ್ಲಿ, ಕೆಲಸ ಎಲ್ಲಿ?

ಸರ್ಕಾರಿ ನೌಕರರಾದ್ರೆ ಮೊದಲು ಕೆಪಿಎಸ್‌ಸಿ ನಡೆಸೋ ಇಲಾಖಾ ಪರೀಕ್ಷೆ ಮುಗಿಸಿ, ಮುಖ್ಯವಾಗಿ ಅಕೌಂಟ್ಸ್ ಪೇಪರ್. ಆಮೇಲೆ ಬೆಂಗಳೂರಿನ ಕೆಂಗೇರಿಯ ವಿತ್ತೀಯ ಕಾರ್ಯನೀತಿ ಸಂಸ್ಥೆಯ ತರಬೇತಿಗೆ ಹೆಸರು ಕೊಡಿ. ಊರು ಬಿಡೋಕೆ ಆಗಲ್ವಾ? ವಿಶ್ವಬ್ಯಾಂಕ್ ಬೆಂಬಲದ ಸಾರ್ವಜನಿಕ ಸಂಗ್ರಹಣೆ ಸರ್ಟಿಫಿಕೇಟ್ ಕೋರ್ಸ್ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಕ್ಕಿದೆ. ಮೊಬೈಲಲ್ಲೇ ಹುಡುಕಿ ನೋಡಿ.

ಸರ್ಕಾರದ ಹೊರಗೂ ದಾರಿ ಇದೆ. ಕಾರವಾರದ ಕಡೆ ಕೈಗಾ ಅಣುಸ್ಥಾವರ, ನೌಕಾನೆಲೆ ಇವೆ. ಇಂಥ ಕೇಂದ್ರದ ಸಂಸ್ಥೆಗಳ ಖರೀದಿಯಲ್ಲಿ 2016ರಲ್ಲಿ ಶುರುವಾದ ಜೆಮ್ ಪೋರ್ಟಲ್‌ಗೆ ದೊಡ್ಡ ಪಾತ್ರ. ಕೇಂದ್ರದ ಇಲಾಖೆಗಳು, ಉದ್ಯಮಗಳು ವರ್ಷದ ಖರೀದಿಯಲ್ಲಿ ಶೇ 25ರಷ್ಟನ್ನ ಸಣ್ಣ ಉದ್ದಿಮೆಗಳಿಂದ ಮಾಡಬೇಕು ಅನ್ನೋ ನೀತಿಯೂ ಇದೆ. ನಮ್ಮೂರಿನ ಸಣ್ಣ ವರ್ಕ್‌ಶಾಪ್, ಅಂಗಡಿಗಳಿಗೆ ಉದ್ಯಮ್ ನೋಂದಣಿ ಮಾಡಿಸಿ ಬಿಡ್ ಹಾಕಿಸಿ ಕೊಡೋರಿಗೆ ಕೆಲಸ ಸಿಗುತ್ತೆ. ಭಟ್ಕಳದ ಎಷ್ಟೋ ಮನೆಗಳಿಗೆ ಗಲ್ಫ್ ನಂಟು ಇದೆ. ಅಲ್ಲಿ ಪರ್ಚೇಸ್ ವಿಭಾಗ ಸೇರೋ ಆಸೆ ಇದ್ದೋರಿಗೆ ಬ್ರಿಟನ್ನಿನ ಸಿಐಪಿಎಸ್ ಅರ್ಹತೆ ಉಪಯೋಗಕ್ಕೆ ಬರುತ್ತೆ. ಖರ್ಚು ಜಾಸ್ತಿ, ಯೋಚಿಸಿ ಸೇರಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್, ಅಂದ್ರೆ ಕೆಪಿಪಿಪಿ ತೆರೆದು, ನಿಮ್ಮ ತಾಲ್ಲೂಕಿನ ಒಂದು ಟೆಂಡರ್ ಹುಡುಕಿ ಪೂರ್ತಿ ಓದಿ. ಕೊನೆಯ ದಿನಾಂಕ ನೋಡಿ, ಕೆಲಸದ ಅವಧಿ ಕೂಡಿಸಿ. ಜೂನ್‌ಗೆ ಮೊದಲು ಮುಗಿಯುತ್ತಾ? ಈ ಪ್ರಶ್ನೆ ತಾನಾಗೇ ಕೇಳೋಕೆ ಶುರು ಮಾಡಿದ್ರೆ, ನೀವು ಅರ್ಧ ಕಲಿತ ಹಾಗೆ.