ಜಾಮೀನು ನಿಂತ ಊರು

ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತ ಕಾಯಿಪಲ್ಲೆ ಮಾರುವ ಹೆಂಗಸಿಗೆ ನಸುಕಿನಲ್ಲಿ ಬೇಕಾಗುವುದು ಎರಡು-ಮೂರು ಸಾವಿರ ರೂಪಾಯಿಗಳಷ್ಟೆ. ಮಾಲು ಮಾರಿದರೆ ಸಂಜೆಯೊಳಗಾಗಿ ಆ ಹಣ ಮರಳಿ ಅವಳ ಸೆರಗಿನ ಗಂಟಿಗೆ ಸೇರುತ್ತದೆ. ಆದರೆ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಸಗಟು ಪೇಟೆಯ ವ್ಯಾಪಾರವೇ ಮುಗಿದಿರುತ್ತದೆ. ಅಡವಿಡಲು ಅವಳಲ್ಲಿ ಬಂಗಾರವಿಲ್ಲ. ತೋರಿಸಲು ಸಂಬಳದ ಚೀಟಿಯಿಲ್ಲ. ಆದುದರಿಂದ ನೆರೆಯವರ ಕೈಗಡ, ಅಂಗಡಿಯ ಉದ್ರಿ, ಓಣಿಯ ಭಿಶಿ ಇವೇ ಅವಳ ಬ್ಯಾಂಕುಗಳು. ಇವೂ ಕೈಕೊಟ್ಟ ದಿನ ಉಳಿಯುವುದು ಮೀಟರ್ ಬಡ್ಡಿಯವನ ಬಾಗಿಲೊಂದೇ.

ಭಿಶಿಯ ಲೆಕ್ಕ ಸರಳವಾದುದು. ಹನ್ನೆರಡು ಜನ ತಿಂಗಳಿಗೆ ತಲಾ ಸಾವಿರ ರೂಪಾಯಿ ಹಾಕಿದರೆ, ತಿಂಗಳಿಗೊಬ್ಬರಂತೆ ಹನ್ನೆರಡು ಸಾವಿರದ ಗಂಟನ್ನು ಎತ್ತುತ್ತಾರೆ. ಮೊದಲು ಎತ್ತಿದವಳಿಗೆ ಅದು ಸಾಲ. ಕೊನೆಗೆ ಎತ್ತಿದವಳಿಗೆ ಉಳಿತಾಯ. ಇದಕ್ಕೆ ಕಾಗದವಿಲ್ಲ, ರುಜುವಿಲ್ಲ. ಇರುವುದು ಒಬ್ಬರ ಮೇಲೊಬ್ಬರ ನಂಬಿಕೆ ಮಾತ್ರ. ಆ ನಂಬಿಕೆಗೆ ನಮ್ಮ ಜನ ಇಟ್ಟ ಹೆಸರು ‘ಪತ್ತು’. ಪತ್ತಿನ ಸಹಕಾರಿ ಸಂಘಗಳ ಫಲಕಗಳ ಮೇಲೆ ನಾವು ದಿನವೂ ಓದುವ ಮಾತು ಅದೇ.

ಕಣಗಿನಹಾಳದ ದಾರಿ

1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ವಿರುದ್ಧ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟರು. 1879ರಲ್ಲಿ ಸರಕಾರ ರೈತರ ರಕ್ಷಣೆಗೆಂದು ಕಾಯಿದೆ ಮಾಡಿತು. ಅದರಿಂದ ಸಾವಕಾರನ ಕೈಯನ್ನೇನೋ ಹಿಡಿದಂತಾಯಿತು. ಆದರೆ ಬಿತ್ತನೆಯ ಕಾಲಕ್ಕೆ ರೈತನಿಗೆ ಹಣ ಕೊಡುವ ಬೇರೊಂದು ಕೈ ಹುಟ್ಟಲಿಲ್ಲ.

ಜರ್ಮನಿಯಲ್ಲಿ ರೈಫೈಸನ್ ಎಂಬಾತ 1864ರಲ್ಲಿಯೇ ಇದಕ್ಕೊಂದು ದಾರಿ ತೋರಿದ್ದನು. ಅಡವಿಲ್ಲದ ಹಳ್ಳಿಗರು ಪರಸ್ಪರ ಹೊಣೆ ಹೊತ್ತು ಸಂಘ ಕಟ್ಟುವುದೇ ಆ ದಾರಿ. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅದನ್ನು ಅಭ್ಯಸಿಸಿ ವರದಿ ಬರೆದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷ, 1905ರ ಮೇ 8ರಂದು, ಅಂದು ಧಾರವಾಡ ಜಿಲ್ಲೆಯಲ್ಲಿದ್ದು ಇಂದು ಗದಗ ಜಿಲ್ಲೆಗೆ ಸೇರಿರುವ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ನೋಂದಣಿಯಾಯಿತು. ದೇಶದ ಸಹಕಾರ ಚಳವಳಿ ಇಂದಿಗೂ ಅವರನ್ನು ಮೂಲಪುರುಷರೆಂದು ನೆನೆಯುತ್ತದೆ. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸೆಂಟ್ರಲ್ ಸಹಕಾರಿ ಬ್ಯಾಂಕು ಹುಟ್ಟಿ ಇಂಥ ಸಂಘಗಳಿಗೆ ಬೆನ್ನಾಯಿತು.

ಆ ಕಾಯಿದೆಯಂತೆ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನ ಸಾಲ ಮುಳುಗಿದರೆ ಅದರ ಭಾರ ಎಲ್ಲರ ಮೇಲೆ. ಆದುದರಿಂದ ಬೀಜಕ್ಕೆಂದು ಪಡೆದ ಹಣ ಹೊಲಕ್ಕೆ ಹೋಯಿತೋ, ಮದುವೆಯ ಮಂಟಪಕ್ಕೆ ಹೋಯಿತೋ ಎಂಬುದನ್ನು ಊರೇ ಗಮನಿಸುತ್ತಿತ್ತು. ಬಂಗಾರಕ್ಕೆ ಬದಲು ಊರು ಜಾಮೀನು ನಿಂತಿತು. ಬಂದ ಬಡ್ಡಿಯೂ ಊರಿನ ಸಂಘದಲ್ಲಿಯೇ ಉಳಿಯಿತು.

ಹೊಣೆ ನಮ್ಮದು, ಹಣ ಪರರದು

ಇಂದಿನ ಕಿರುಸಾಲದ ಕಂಪನಿಗಳೂ ಹೆಂಗಸರ ಗುಂಪು ಕಟ್ಟಿ, ಒಬ್ಬಳ ಸಾಲಕ್ಕೆ ಉಳಿದವರನ್ನು ಹೊಣೆ ಮಾಡುತ್ತವೆ. ನೋಟಕ್ಕೆ ಅದೇ ಕಣಗಿನಹಾಳದ ಕಟ್ಟು. ಆದರೆ ಇಲ್ಲಿ ಹೊಣೆ ಮಾತ್ರ ಗುಂಪಿನದು. ಹಣವೂ ಲಾಭವೂ ನಿರ್ಧಾರವೂ ಹೊರಗಿನವರವು. ಕಂತು ತಪ್ಪಿದ ದಿನ ನೆರೆಯವಳೇ ವಸೂಲಿದಾರಳಾಗಿ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಒಂದು ಕಂತು ತೀರಿಸಲು ಇನ್ನೊಂದು ಸಾಲ, ಅದಕ್ಕೆ ಮತ್ತೊಂದು. ಹೀಗೆ ಓಣಿಯ ಸ್ನೇಹವೇ ಅಡವಿಗೆ ಬೀಳುತ್ತದೆ.

2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮಗಳು ಕುಟುಂಬದ ಸಾಲದ ಕಂತುಗಳೆಲ್ಲ ಸೇರಿ ಮಾಸಿಕ ವರಮಾನದ ಅರ್ಧವನ್ನು ಮೀರಕೂಡದೆಂದವು. ಮುಂಜಾನೆ 9ರ ಮುಂಚೆ, ಸಂಜೆ 6ರ ನಂತರ ವಸೂಲಿಯ ಕರೆ ಮಾಡಕೂಡದೆಂದವು. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ತಂದಿತು. ಇವು ಅವಶ್ಯವಾದ ಕ್ರಮಗಳೇ. ಆದರೆ 1879ರ ಪಾಠವನ್ನು ಮರೆಯುವಂತಿಲ್ಲ. ಕಾಯಿದೆ ದಬ್ಬಾಳಿಕೆಯನ್ನು ತಡೆದೀತು. ನಾಳೆ ನಸುಕಿನ ಬಂಡವಾಳವನ್ನು ಕೊಡಲಾರದು.

ಅದನ್ನು ಕೊಡಬಲ್ಲವು ನೆಟ್ಟಗೆ ನಡೆಯುವ ಪತ್ತಿನ ಸಂಘಗಳು. ಅವೂ ನಿರ್ದೇಶಕರ ನೆಂಟರಿಷ್ಟರಿಗೆ ಸಾಲ ಹಂಚಿ ಮುಳುಗಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಡಿವಿಡೆಂಡ್ ಬಂದಿತೇ ಎಂದು ವಿಚಾರಿಸುವ ನಮ್ಮ ಮಧ್ಯಮವರ್ಗದ ಸದಸ್ಯರು ವಾರ್ಷಿಕ ಸಭೆಗೆ ಹೋಗುವುದಿಲ್ಲ, ಲೆಕ್ಕಪತ್ರವನ್ನು ಕೇಳುವುದಿಲ್ಲ. ಕಣಗಿನಹಾಳದ ಸಂಘವನ್ನು ಕಾಯಿದ್ದು ಊರಿನ ಕಣ್ಣು. ಆ ಕಣ್ಣು ಮುಚ್ಚಿದರೆ ಸಂಘದ ಫಲಕದ ಮೇಲೆ ‘ಪತ್ತು’ ಎಂಬ ಅಕ್ಷರಗಳು ಉಳಿದಾವು. ಕಾಯಿಪಲ್ಲೆಯವಳ ಪಾಲಿಗೆ ಮೀಟರ್ ಬಡ್ಡಿಯವನೇ ಉಳಿದಾನು.