ಲ್ಯಾಪ್‌ಟಾಪ್ ಕೂಲಿಂಗ್ ಪ್ಯಾಡ್: ಧೂಳು ಮತ್ತು ಕಂಪನ ತಗ್ಗಿಸುವ ಒಂದು ಪ್ರಯೋಗ, ಒಂದು ಪಾಠ

ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಯ ಚೀಲದಲ್ಲಿ ಈಗ ಚಾರ್ಟು, ಮಾದರಿಗಳ ಜೊತೆಗೆ ಲ್ಯಾಪ್‌ಟಾಪ್ ಕೂಡ ಇರುತ್ತದೆ. ಬಹುಮಟ್ಟಿಗೆ ಅದು ಮನೆಯವರು ಕಷ್ಟಪಟ್ಟು ಕೊಡಿಸಿದ್ದು. ವಿಜಯಪುರದ ಮಾರ್ಚ್ ಬಿಸಿಲಿನಲ್ಲಿ ಪಾಠದ ನಡುವೆ ಅದು ಕಾದು ನಿಧಾನವಾದರೆ ವಿಡಿಯೊ ನಿಲ್ಲುತ್ತದೆ, ಮಕ್ಕಳ ಗಮನ ಚದುರುತ್ತದೆ. ಮೇಲ್ವಿಚಾರಕರು ವೀಕ್ಷಿಸುವ ಪಾಠಗಳೇ ಕೆಲವು. ಅವುಗಳಲ್ಲಿ ಹತ್ತು ನಿಮಿಷ ಕಳೆದುಹೋಗುವುದು ಸಣ್ಣ ನಷ್ಟವಲ್ಲ. ಹಾಗಾಗಿ ಅನೇಕರು ಕೂಲಿಂಗ್ ಪ್ಯಾಡ್ ಕೊಂಡಿದ್ದಾರೆ.

ಆದರೆ ಈ ಪ್ಯಾಡ್ ಎರಡು ಹೊಸ ತೊಂದರೆಗಳನ್ನು ತರುತ್ತದೆ. ಮೇಜಿನ ಮೇಲಿನ ಸೀಮೆಸುಣ್ಣದ ಪುಡಿ, ಕಿಟಕಿಯಿಂದ ಬರುವ ಎರೆಮಣ್ಣಿನ ಧೂಳು ಎರಡನ್ನೂ ಕೆಳಗಿನಿಂದ ಎಳೆದು ನೇರವಾಗಿ ಲ್ಯಾಪ್‌ಟಾಪಿನ ಹೊಟ್ಟೆಗೆ ಊದುತ್ತದೆ. ಜೊತೆಗೆ ಟೊಳ್ಳು ಮೇಜಿನ ಮೇಲೆ ಇಟ್ಟಾಗ ಗುಂಯ್‌ಗುಡುತ್ತದೆ. ಕೊನೆಯ ಸಾಲಿನ ಮಗುವಿಗೆ ಶಿಕ್ಷಕರ ಮಾತು ಅಷ್ಟರಮಟ್ಟಿಗೆ ಅಸ್ಪಷ್ಟವಾಗುತ್ತದೆ. ಜಲನಗರದ ನನ್ನ ಮನೆಯ ಮೇಜಿನ ಮೇಲೂ, ತಿಕೋಟಾ ಮತ್ತು ಬಬಲೇಶ್ವರದ ಕಡೆಯ ಶಾಲೆಗಳಿಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳ ಜೊತೆಗೂ ನಾನು ಮಾಡಿ ನೋಡಿದ ಮಾರ್ಪಾಡುಗಳನ್ನು ಇಲ್ಲಿ ವಿವರಿಸಿದ್ದೇನೆ. ಇವುಗಳಲ್ಲಿ ಯಾವುದೂ ಪುಕ್ಕಟೆಯಲ್ಲ: ಧೂಳು ತಡೆದರೆ ಗಾಳಿ ಕುಗ್ಗುತ್ತದೆ, ನಡುಕ ತಡೆದರೆ ಆಸರೆ ಸಡಿಲವಾಗುತ್ತದೆ. ಈ ಕೊಡು–ಕೊಳ್ಳುವಿಕೆಯನ್ನು ಅಳೆದು ನೋಡುವುದೇ ಇಲ್ಲಿನ ವಿಜ್ಞಾನ.

ಮೊದಲು ತಿಳಿಯಬೇಕಾದದ್ದು

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಚಲಿಸುವಂತೆ ಮಾಡುತ್ತದೆ ಅಷ್ಟೆ. ಕೋಣೆ 38 ಡಿಗ್ರಿ ಇದ್ದರೆ ಪ್ಯಾಡ್ ಊದುವುದೂ 38 ಡಿಗ್ರಿಯ ಗಾಳಿಯನ್ನೇ. ಲ್ಯಾಪ್‌ಟಾಪಿನ ಶಾಖವನ್ನು ಬೇಗ ಹೊತ್ತೊಯ್ಯುವುದಷ್ಟೇ ಅದರ ಕೆಲಸ.

ಎರಡನೆಯದು, ಎಲ್ಲ ಲ್ಯಾಪ್‌ಟಾಪುಗಳೂ ತಳದಿಂದ ಗಾಳಿ ಎಳೆಯುವುದಿಲ್ಲ. ತೆಳುವಾದ ಕಾಗದದ ಪಟ್ಟಿಯೊಂದನ್ನು ಪ್ರತಿ ಕಿಂಡಿಯ ಬಳಿ ಹಿಡಿಯಿರಿ. ಪಟ್ಟಿ ಕಿಂಡಿಗೆ ಅಂಟಿದರೆ ಅದು ಒಳಹರಿವು, ಹೊರಕ್ಕೆ ಹಾರಿದರೆ ಹೊರಹರಿವು. ತಳದಲ್ಲಿ ಒಳಹರಿವಿನ ಕಿಂಡಿ ಇದ್ದರೆ ಪ್ಯಾಡ್ ಮೇಲ್ಮುಖವಾಗಿ ಊದಬೇಕು. ಅದು ಕೆಳಕ್ಕೆ ಎಳೆಯುವಂತಿದ್ದರೆ ಎರಡು ಫ್ಯಾನುಗಳು ಒಂದೇ ಗಾಳಿಗಾಗಿ ಹಗ್ಗಜಗ್ಗಾಟ ನಡೆಸುತ್ತವೆ.

ಧೂಳಿಗೆ: ಜಾಲರಿ ಎಲ್ಲಿರಬೇಕು?

ಫ್ಯಾನಿನ ಬಾಯಿಗೇ ಜಾಲರಿ ಅಂಟಿಸುವುದು ಸುಲಭ. ಆದರೆ ಗಾಳಿ ಹೆಚ್ಚು ಕುಗ್ಗುವುದೂ ಆಗಲೇ. ಕಾರಣವನ್ನು ಲೆಕ್ಕ ಹಾಕಿ ನೋಡೋಣ. 12 ಸೆಂ.ಮೀ. ವ್ಯಾಸದ ಫ್ಯಾನಿನ ಬಾಯಿಯ ವಿಸ್ತೀರ್ಣ ಸುಮಾರು 113 ಚದರ ಸೆಂ.ಮೀ. ಅಷ್ಟೂ ಗಾಳಿ ಆ ಸಣ್ಣ ಜಾಗದಲ್ಲೇ ನುಗ್ಗಬೇಕು. ಅದೇ ಜಾಲರಿಯನ್ನು 30 × 20 ಸೆಂ.ಮೀ. ಚೌಕಟ್ಟಿಗೆ ಕಟ್ಟಿ ಫ್ಯಾನಿನಿಂದ 2 ಸೆಂ.ಮೀ. ದೂರ ಇಟ್ಟರೆ ವಿಸ್ತೀರ್ಣ 600 ಚದರ ಸೆಂ.ಮೀ. ಆಗುತ್ತದೆ, ಅಂದರೆ ಐದು ಪಟ್ಟಿಗಿಂತ ಹೆಚ್ಚು. ಜಾಲರಿಯ ಮೂಲಕ ಗಾಳಿ ದಾಟುವ ವೇಗ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಡ್ಡಿಯೂ ಇಳಿಯುತ್ತದೆ.

ಮಾಡುವ ಕ್ರಮ ಹೀಗಿದೆ. ಪ್ಯಾಡಿನ ತಳದ ಅಳತೆಗೆ ದಪ್ಪ ರಟ್ಟಿನಿಂದ 2 ಸೆಂ.ಮೀ. ಎತ್ತರದ ಚೌಕಟ್ಟು ಮಾಡಿ ತಳಕ್ಕೆ ಅಂಟಿಸಬೇಕು. ಸಂದಿಗಳನ್ನು ಟೇಪಿನಿಂದ ಮುಚ್ಚಬೇಕು. ಇಲ್ಲವಾದರೆ ಗಾಳಿ ಜಾಲರಿಯನ್ನು ಬಿಟ್ಟು ಸಂದಿಯಿಂದಲೇ ನುಗ್ಗುತ್ತದೆ. ಎಸಿಯಲ್ಲಿ ಬಳಸುವಂಥ ನೈಲಾನ್ ಜಾಲರಿಯನ್ನು ವೆಲ್ಕ್ರೊ ಪಟ್ಟಿಯಿಂದ ಚೌಕಟ್ಟಿಗೆ ಕೂರಿಸಬೇಕು, ಬಿಚ್ಚಿ ತೊಳೆಯಲು ಬರುವಂತಿರಬೇಕು. ನಾಲ್ಕು ಮೂಲೆಗೆ 5 ಸೆಂ.ಮೀ. ಎತ್ತರದ ಮರದ ತುಂಡುಗಳನ್ನು ಕೊಟ್ಟರೆ ಜಾಲರಿಯ ಕೆಳಗೆ ಗಾಳಿಗೆ 3 ಸೆಂ.ಮೀ. ದಾರಿ ಉಳಿಯುತ್ತದೆ.

ಈ ಜಾಲರಿಯಿಂದ ಅತಿಯಾಗಿ ನಿರೀಕ್ಷಿಸಬಾರದು. ಅದು ಕೂದಲು, ನೂಲೆಳೆ, ದಪ್ಪ ಕಣಗಳನ್ನು ತಡೆಯುತ್ತದೆ. ಸೀಮೆಸುಣ್ಣದ ನುಣುಪು ಪುಡಿ ಬಹುಪಾಲು ದಾಟಿಹೋಗುತ್ತದೆ. ಸ್ಪಂಜಿನ ಹಾಳೆ ಇನ್ನಷ್ಟು ತಡೆದೀತು, ಆದರೆ ಗಾಳಿಯನ್ನೂ ಅಷ್ಟೇ ತಡೆಯುತ್ತದೆ. ನುಣುಪು ಪುಡಿಗೆ ನಿಜವಾದ ಮದ್ದು ಲ್ಯಾಪ್‌ಟಾಪನ್ನು ಕರಿಹಲಗೆಯಿಂದ ದೂರ ಇಡುವುದು ಮತ್ತು ಪಾಠಕ್ಕೆ ಮುಂಚೆ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸುವುದು.

ನಡುಕಕ್ಕೆ: ಎರಡು ಕಂಪನ, ಎರಡು ಉಪಾಯ

ಪ್ಯಾಡಿನ ಮೇಲೆ ಕೈಯಿಟ್ಟಾಗ ತಿಳಿಯುವ ನಡುಕ ಬೇರೆ, ಕಿವಿಗೆ ಕೇಳುವ ಗುಂಯ್ ಸದ್ದು ಬೇರೆ. ನಿಮಿಷಕ್ಕೆ 1200 ಸುತ್ತು ತಿರುಗುವ ಫ್ಯಾನ್ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ಅದರ ತೂಕ ಒಂದು ಬದಿಗೆ ವಾಲಿದ್ದರೆ 20 ಹರ್ಟ್ಸ್‌ನ ನಡುಕ ಹುಟ್ಟುತ್ತದೆ. ಅದು ಮನುಷ್ಯನ ಶ್ರವಣದ ಕೆಳ ಅಂಚು. ಅದೇ ಫ್ಯಾನಿಗೆ ಏಳು ಎಲೆಗಳಿದ್ದರೆ ಅವು ಗಾಳಿಯನ್ನು ಸೆಕೆಂಡಿಗೆ 140 ಸಲ ಬಡಿಯುತ್ತವೆ. ಈ 140 ಹರ್ಟ್ಸ್ ಚೆನ್ನಾಗಿ ಕೇಳುತ್ತದೆ, ಮೇಜಿನ ಹಲಗೆ ಅದನ್ನು ಇನ್ನಷ್ಟು ಜೋರು ಮಾಡುತ್ತದೆ.

ಮೆತ್ತನೆಯ ಆಸರೆ ಕಂಪನವನ್ನು ತಡೆಯಬೇಕಾದರೆ ಅದರ ಸ್ವಾಭಾವಿಕ ಆವೃತ್ತಿಗಿಂತ ಆ ಕಂಪನದ ಆವೃತ್ತಿ ಕನಿಷ್ಠ 1.4 ಪಟ್ಟು ಹೆಚ್ಚಿರಬೇಕು. 140 ಹರ್ಟ್ಸ್ ಸದ್ದಿಗೆ ಇದು ಸುಲಭ: ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಎರಡು ಮೂರು ಪದರ ಮಡಿಸಿ ಮರದ ತುಂಡುಗಳ ಕೆಳಗೆ ಕೊಟ್ಟರೆ ಸಾಕು. 20 ಹರ್ಟ್ಸ್ ನಡುಕಕ್ಕೆ ಅದು ಸಾಲದು. ಅಲ್ಲಿ ಭಾರ ಹೊತ್ತಾಗ ಸುಮಾರು 2.5 ಮಿ.ಮೀ. ಕುಗ್ಗುವ ಮೆತ್ತೆ ಬೇಕು. ಅದರ ಸ್ವಾಭಾವಿಕ ಆವೃತ್ತಿ ಸುಮಾರು 10 ಹರ್ಟ್ಸ್ ಆಗುತ್ತದೆ. ಆದರೆ ಅಷ್ಟು ಮೆತ್ತಗಾದರೆ ಟೈಪ್ ಮಾಡುವಾಗ ಲ್ಯಾಪ್‌ಟಾಪ್ ಓಲಾಡುತ್ತದೆ.

ಆದ್ದರಿಂದ ನಿಧಾನ ನಡುಕವನ್ನು ಮೂಲದಲ್ಲೇ ತಗ್ಗಿಸುವುದು ಮೇಲು. ಫ್ಯಾನಿನ ಎಲೆಗಳ ಮೇಲೆ ಅಸಮವಾಗಿ ಕುಳಿತ ಧೂಳೇ ಎಷ್ಟೋ ಸಲ ತೂಕ ವಾಲಲು ಕಾರಣ. ಒಣ ಕುಂಚದಿಂದ ಒರೆಸಿರಿ. ಸಡಿಲ ಸ್ಕ್ರೂ ಬಿಗಿ ಮಾಡಿ, ಅದರ ತಲೆಯ ಕೆಳಗೆ ರಬ್ಬರ್ ವಾಶರ್ ಹಾಕಿ. ವೇಗ ನಿಯಂತ್ರಕ ಇದ್ದರೆ ತಗ್ಗಿಸಿ ನೋಡಿ. ವೇಗ ಅರ್ಧವಾದರೆ ಗಾಳಿಯ ಪ್ರಮಾಣ ಸುಮಾರು ಅರ್ಧವಾಗುತ್ತದೆ, ಸದ್ದು ಅದಕ್ಕಿಂತ ಬಹಳ ಹೆಚ್ಚಾಗಿ ತಗ್ಗುತ್ತದೆ. ಇಷ್ಟಾದರೂ ಫ್ಯಾನ್ ಕರಕರ ಎಂದರೆ ಬೇರಿಂಗ್ ಸವೆದಿದೆ ಎಂದು ತಿಳಿದು ಫ್ಯಾನನ್ನೇ ಬದಲಿಸಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇರುವುದರಿಂದ ಅಂಥವುಗಳಿಗೆ ನಡುಕ ತಗ್ಗಿಸುವುದು ಇನ್ನೂ ಮುಖ್ಯ.

ಎಚ್ಚರಿಕೆಗಳು

ಕೆಲಸಕ್ಕೆ ಮೊದಲು ಯುಎಸ್‌ಬಿ ತಂತಿಯನ್ನು ಲ್ಯಾಪ್‌ಟಾಪಿನಿಂದ ಕಳಚಬೇಕು. ತಂತಿ ಕತ್ತರಿಸಿ ಜೋಡಿಸುವ ಗೋಜು ಬೇಡ; ಶಾರ್ಟ್ ಆದರೆ ಪೋರ್ಟ್ ಹಾಳಾಗಬಹುದು. ಊದುಗಾಳಿಯಿಂದ ಸ್ವಚ್ಛ ಮಾಡುವಾಗ ಎಲೆಗಳು ತಿರುಗದಂತೆ ಕಡ್ಡಿಯಿಂದ ಹಿಡಿಯಬೇಕು. ಲ್ಯಾಪ್‌ಟಾಪಿನ ಹೊರಹರಿವಿನ ಕಿಂಡಿಗೆ ಏನನ್ನೂ ಅಡ್ಡ ಇಡಬಾರದು. ಜಾಲರಿಯನ್ನು ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಬೇಕು. ಕಟ್ಟಿಕೊಂಡ ಜಾಲರಿಗಿಂತ ಜಾಲರಿ ಇಲ್ಲದಿರುವುದೇ ಲೇಸು.

ಪಾಠದಲ್ಲಿ ಬಳಕೆ

ಎಂಟನೇ ತರಗತಿಯ ‘ಶಬ್ದ’ ಘಟಕಕ್ಕೆ ಇದು ಒಳ್ಳೆಯ ಸಾಮಗ್ರಿ. ನಾನು ಸೂಚಿಸುವ ಕ್ರಮ:

1. ಶ್ರುತಿಕವೆಯನ್ನು ಬಡಿದು ಗಾಳಿಯಲ್ಲಿ ಹಿಡಿಯುವುದು, ಬಳಿಕ ಅದರ ಹಿಡಿಯನ್ನು ಮೇಜಿಗೆ ಊರುವುದು. ಸದ್ದು ಏಕೆ ಜೋರಾಯಿತು ಎಂದು ಮಕ್ಕಳಿಂದಲೇ ಹೇಳಿಸುವುದು.
2. ಸ್ಟೀಲ್ ತಾಟಿನಲ್ಲಿ ತೆಳುವಾಗಿ ನೀರು ಹಾಕಿ, ಓಡುತ್ತಿರುವ ಪ್ಯಾಡಿನ ಪಕ್ಕ ಮೇಜಿನ ಮೇಲೆ ಇಡುವುದು. ನೀರಿನ ಮೇಲಿನ ಅಲೆಗಳನ್ನು ಗಮನಿಸುವುದು.
3. ರಬ್ಬರ್ ತುಂಡು ಕೊಟ್ಟರೆ ಏನಾದೀತು ಎಂದು ಮೊದಲು ಊಹೆ ಬರೆಸಿ, ನಂತರ ಮಾಡಿ ತೋರಿಸುವುದು.
4. ತಾಪ ಅಳೆಯುವುದಾದರೆ ಒಂದೇ ವಿಡಿಯೊವನ್ನು 20 ನಿಮಿಷ ಓಡಿಸಿ, ಲ್ಯಾಪ್‌ಟಾಪಿನ ತಾಪದಿಂದ ಕೋಣೆಯ ತಾಪವನ್ನು ಕಳೆದು ಬರೆಯುವುದು. ಬೆಳಗಿನ ಓದನ್ನೂ ಮಧ್ಯಾಹ್ನದ ಓದನ್ನೂ ಹೀಗೆ ಮಾತ್ರ ಹೋಲಿಸಬಹುದು.

ನಮ್ಮ ಊರಿನ ಮಕ್ಕಳು ಮೇಜಿನ ಈ ಸದ್ದನ್ನೂ ‘ಗೋಳಗುಮ್ಮಟದ ಹಾಗೆ’ ಎನ್ನುವುದುಂಟು. ಆ ಹೋಲಿಕೆಯನ್ನು ತಳ್ಳಿಹಾಕದೆ ಪರೀಕ್ಷಿಸಲು ಬಿಡಿ. ಪ್ರತಿಧ್ವನಿ ಬೇರೆಯಾಗಿ ಕೇಳಲು ತಡೆಗೋಡೆ ಸುಮಾರು 17 ಮೀಟರ್ ದೂರವಿರಬೇಕು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ತರಗತಿ ಕೋಣೆಯ ಉದ್ದವನ್ನು ಮಕ್ಕಳೇ ಅಳೆಯಲಿ. ಅಲ್ಲಿ ಗಾಳಿಯಲ್ಲಿ ಪ್ರತಿಫಲನ, ಇಲ್ಲಿ ಘನವಸ್ತುವಿನ ಮೂಲಕ ಪ್ರಸರಣ ಎಂಬ ವ್ಯತ್ಯಾಸ ಅವರ ಲೆಕ್ಕದಿಂದಲೇ ಹೊರಬರುತ್ತದೆ.

ಪಾಠ ವೀಕ್ಷಿಸುವ ಅಧ್ಯಾಪಕರು ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಕೋರಿಕೆ: ಪ್ರಶಿಕ್ಷಣಾರ್ಥಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೇ? ಜಾಲರಿ, ರಬ್ಬರ್, ವೇಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಪ್ಯಾಡ್ ಸುಧಾರಿಸೀತು, ಆದರೆ ಯಾವುದರಿಂದ ಸುಧಾರಿಸಿತು ಎಂಬ ಮಗುವಿನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.